ಗಾಲ್ಫ್‌ನಲ್ಲಿ ನನ್ನ ಪಟ್ (ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಪ್ರತಿ ಸಲವೂ ಕುಳಿಗೆ ಮೊದಲೇ ನಿಲ್ಲುತ್ತಿದೆ, ಈ ಅತಿ ಎಚ್ಚರಿಕೆಯನ್ನು ಬಿಡುವುದು ಹೇಗೆ?

ಹದಿನೆಂಟರ ಆಟಗಾರ:
ಎಲ್ಲರಿಗೂ ನಮಸ್ಕಾರ. ನನ್ನ ಹ್ಯಾಂಡಿಕ್ಯಾಪ್ 18, ಎಂದರೆ 18 ಹೋಲ್‌ಗಳ ಸುತ್ತಿನಲ್ಲಿ ನಿಗದಿತ ಹೊಡೆತಗಳಿಗಿಂತ ಸುಮಾರು 18 ಹೆಚ್ಚು. ಗ್ರೀನ್ (ಕುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಜಾಗ) ತಲುಪುವವರೆಗಿನ ಆಟದ ಬಗ್ಗೆ ನನಗೆ ದೂರಿಲ್ಲ. ಪಟ್ ಮಾಡುವ ಕೋಲಾದ ಪಟರ್ ಹಿಡಿದ ಕೂಡಲೇ ಕೈ ಹಿಂಜರಿಯುತ್ತದೆ. ಕಳೆದ ಐದು ಸುತ್ತುಗಳಲ್ಲಿ 6ರಿಂದ 15 ಅಡಿಯೊಳಗಿನ ಪಟ್‌ಗಳನ್ನೆಲ್ಲ ಬರೆದಿಟ್ಟೆ. ತಪ್ಪಿದವು 34. ಅವುಗಳಲ್ಲಿ 23 ಕುಳಿಯನ್ನು ಮುಟ್ಟಲೇ ಇಲ್ಲ. ಕೆಲವು ಒಂದು ಗೇಣು ದೂರದಲ್ಲಿ ನಿಂತವು, ಕೆಲವು ಎರಡು ಅಡಿ. ದಿಕ್ಕು ಸರಿಯಾಗಿದ್ದ ಚೆಂಡು ಕುಳಿಯ ಬಾಯಿಗೆ ಬಂದು ಸುಮ್ಮನೆ ನಿಂತಾಗ ಆಗುವ ಸಂಕಟ ಇಲ್ಲಿರುವವರಿಗೆ ಗೊತ್ತೇ ಇರುತ್ತದೆ.

ಇದು ಎಲ್ಲಿಂದ ಶುರುವಾಯಿತೆಂದು ಗೊತ್ತು. ಒಂದು ಸ್ಪರ್ಧೆಯಲ್ಲಿ ಇಳಿಜಾರಿನ ಪಟ್ ಕುಳಿಯನ್ನು ದಾಟಿ ಆರು ಅಡಿ ಮುಂದೆ ಹೋಯಿತು, ಆ ಹೋಲ್‌ನಲ್ಲಿ ನಾಲ್ಕು ಪಟ್ ಆದವು. ಅಂದಿನಿಂದ ಈ ಅಂಜಿಕೆ. ಭಾರವಾದ ಪಟರ್ ತಂದು ನೋಡಿದೆ, ಪ್ರಯೋಜನವಾಗಲಿಲ್ಲ. ‘ಗಟ್ಟಿಯಾಗಿ ಹೊಡೆ’ ಎಂದು ನನಗೆ ನಾನೇ ಹೇಳಿಕೊಂಡರೆ ಕೈ ಬಿಗಿದುಕೊಂಡು ಚೆಂಡು ಎಡಕ್ಕೆ ಹೋಗುತ್ತದೆ. ದಯವಿಟ್ಟು ದಾರಿ ತೋರಿಸಿ.

ಬೆಳಗಿನ ಇಬ್ಬನಿ:
ಪರಿಹಾರಕ್ಕೆ ಮೊದಲು ಎರಡು ಪ್ರಶ್ನೆ. ಅಭ್ಯಾಸದ ಗ್ರೀನ್‌ನಲ್ಲಿಯೂ ಚೆಂಡು ಹೀಗೆಯೇ ಮೊದಲೇ ನಿಲ್ಲುತ್ತದೆಯೇ? ಮತ್ತು ಆ 23 ಪಟ್‌ಗಳು ಯಾವ ಸ್ಕೋರಿಗಾಗಿ ಆಡಿದವು? ಪಾರ್‌ಗೋ (ಹೋಲ್‌ಗೆ ನಿಗದಿಯಾದ ಹೊಡೆತಗಳು), ಬೋಗಿಗೋ (ಅದಕ್ಕಿಂತ ಒಂದು ಹೆಚ್ಚು)? ನಿಮ್ಮ ಟಿಪ್ಪಣಿಯಲ್ಲಿ ಇದ್ದರೆ ಎಣಿಸಿ ಹೇಳಿ.

ಹದಿನೆಂಟರ ಆಟಗಾರ:
ಅಭ್ಯಾಸದಲ್ಲಿ ಅಷ್ಟಾಗಿ ಇಲ್ಲ, ಅಲ್ಲಿ ಅರ್ಧದಷ್ಟು ಚೆಂಡುಗಳು ಕುಳಿಯನ್ನು ದಾಟುತ್ತವೆ. ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೇ ಅಚ್ಚರಿಯಾಯಿತು. 23ರಲ್ಲಿ 19 ಪಾರ್ ಅಥವಾ ಬರ್ಡಿಗಾಗಿ (ಪಾರ್‌ಗಿಂತ ಒಂದು ಕಡಿಮೆ) ಆಡಿದವು. ಡಬಲ್ ಬೋಗಿ (ಪಾರ್‌ಗಿಂತ ಎರಡು ಹೆಚ್ಚು) ತಪ್ಪಿಸಿಕೊಳ್ಳಲು ಆಡಿದ ಪಟ್‌ಗಳು ಒಳಗೆ ಹೋಗದಿದ್ದರೂ ಕುಳಿಯವರೆಗೆ ತಲುಪಿವೆ.

ಬೆಳಗಿನ ಇಬ್ಬನಿ:
ನಿಮ್ಮ ಪಟರ್‌ನಲ್ಲಿ ದೋಷವಿಲ್ಲ, ಅದನ್ನು ಬದಲಿಸಲು ಹೋಗಬೇಡಿ. ಕೈಯಲ್ಲಿಯೂ ಅಂತಹ ದೋಷವಿಲ್ಲ. 18 ಹ್ಯಾಂಡಿಕ್ಯಾಪ್‌ನವರಿಗೆ ಹೋಲ್‌ಗೆ ಒಂದು ಬೋಗಿ ಎನ್ನುವುದು ಮನಸ್ಸು ಒಪ್ಪಿಕೊಂಡಿರುವ ಲೆಕ್ಕ. ಬೋಗಿ ಕೈತಪ್ಪುವಂತಿದ್ದಾಗ ನೀವು ಚೆಂಡನ್ನು ಕುಳಿಗೆ ಮುಟ್ಟಿಸುತ್ತೀರಿ. ಪಾರ್ ಸಿಗುವಂತಿದ್ದಾಗ ‘ಎರಡು ಪಟ್‌ನಲ್ಲಿ ಮುಗಿದರೆ ಸಾಕು’ ಎಂದು ಮನಸ್ಸು ಮೊದಲೇ ತೀರ್ಮಾನಿಸಿಬಿಡುತ್ತದೆ.

ಅತ್ಯುನ್ನತ ಮಟ್ಟದ ಆಟಗಾರರಲ್ಲಿಯೂ ಇದು ಇದೆ. ಡೆವಿನ್ ಪೋಪ್ ಮತ್ತು ಮಾರಿಸ್ ಶ್ವೈಟ್ಜರ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್‌ನಲ್ಲಿ ಲೇಸರ್‌ನಿಂದ ಅಳೆದ ಸುಮಾರು 25 ಲಕ್ಷ ಪಟ್‌ಗಳನ್ನು ಪರಿಶೀಲಿಸಿ 2011ರಲ್ಲಿ ಲೇಖನ ಪ್ರಕಟಿಸಿದರು. ಒಂದೇ ಬಗೆಯ ಪಟ್ ಆದರೂ ಪಾರ್‌ಗಾಗಿ ಆಡುವಾಗ ಒಳಗೆ ಹೋಗುವಷ್ಟು ಬರ್ಡಿಗಾಗಿ ಆಡುವಾಗ ಹೋಗುವುದಿಲ್ಲ, ವ್ಯತ್ಯಾಸ ಸುಮಾರು ಶೇಕಡಾ 2ರಷ್ಟು ಎಂದು ಅವರು ಕಂಡುಕೊಂಡರು. ಬರ್ಡಿ ಪಟ್‌ಗಳು ಕುಳಿಗೆ ಮೊದಲೇ ನಿಲ್ಲುವುದೂ ಹೆಚ್ಚು. ಗಳಿಸುವ ಆಸೆಗಿಂತ ಕಳೆದುಕೊಳ್ಳುವ ಭಯ ದೊಡ್ಡದು ಎನ್ನುವುದಕ್ಕೆ ಅವರು ಇದನ್ನು ಸಾಕ್ಷಿಯಾಗಿ ಕೊಟ್ಟರು. ಅವರ ಪಾರ್ ಇದ್ದ ಜಾಗದಲ್ಲಿ ನಿಮ್ಮ ಬೋಗಿ ಇದೆ, ಅಷ್ಟೇ.

ಹಾಗಾಗಿ ಮೊದಲ ಕೆಲಸ, ಪಟ್ ಮಾಡುವ ಮುನ್ನ ಅದು ಎಷ್ಟನೆಯ ಹೊಡೆತವೆಂದು ಎಣಿಸುವುದನ್ನು ನಿಲ್ಲಿಸಿ. ಸ್ಕೋರನ್ನು ಮುಂದಿನ ಹೋಲ್ ಶುರುವಾಗುವ ಜಾಗಕ್ಕೆ ಹೋಗಿ ಬರೆದುಕೊಳ್ಳಿ.

ಹಳೆಯ ಪಟರ್:
ಮೇಲಿನವರು ಹೇಳಿದ್ದು ಸರಿ. ಆದರೆ ‘ಯೋಚಿಸಬೇಡ’ ಎಂದ ಮಾತ್ರಕ್ಕೆ ಭಯ ಹೋಗುವುದಿಲ್ಲ. ಕುಳಿ ದಾಟಿದರೆ ಏನಾಗುತ್ತದೆ ಎಂಬುದನ್ನು ಅಳತೆಯಲ್ಲಿ ನೋಡಿದ ಮೇಲೆಯೇ ನನಗೆ ಧೈರ್ಯ ಬಂದದ್ದು, ಅದನ್ನೇ ಬರೆಯುತ್ತೇನೆ.

ಕುಳಿಯ ಅಗಲ 108 ಮಿಲಿಮೀಟರ್, ಚೆಂಡಿನ ವ್ಯಾಸ ಸುಮಾರು 43. ಕುಳಿಯ ನಟ್ಟನಡುವೆ ಬರುವ ಚೆಂಡು ಎದುರಿನ ಅಂಚನ್ನು ತಲುಪುವುದರೊಳಗೆ ತನ್ನ ಅರ್ಧ ಎತ್ತರದಷ್ಟು ಕೆಳಗಿಳಿದರೆ ಒಳಗೆ ಬೀಳುತ್ತದೆ. ಅಷ್ಟು ಇಳಿಯಲು ಬೇಕಾಗುವುದು ಸುಮಾರು 0.07 ಸೆಕೆಂಡ್. ಎಂದರೆ ಸೆಕೆಂಡಿಗೆ 1.3 ಮೀಟರ್ ವೇಗದಲ್ಲಿ ಬಂದರೂ ಚೆಂಡು ಒಳಗೇ. ಸ್ಟಿಂಪ್ (ಗ್ರೀನ್‌ನಲ್ಲಿ ಚೆಂಡು ಎಷ್ಟು ಸರಾಗವಾಗಿ ಉರುಳುತ್ತದೆಂಬ ಅಳತೆ) 10ರ ಸಮತಟ್ಟಾದ ಗ್ರೀನ್‌ನಲ್ಲಿ, ಕುಳಿ ಅಲ್ಲಿ ಇಲ್ಲದಿದ್ದರೆ ಅದೇ ಚೆಂಡು ಸುಮಾರು ಒಂದೂವರೆ ಮೀಟರ್ ಮುಂದೆ ಉರುಳುತ್ತಿತ್ತು! ನಡುವೆ ಬರುವ ಚೆಂಡಿಗೆ ಕುಳಿ ಅಷ್ಟು ಉದಾರಿ. ಕುಳಿಯನ್ನು ತಲುಪದ ಚೆಂಡಿಗೆ ಮಾತ್ರ ಅದು ಏನನ್ನೂ ಕೊಡುವುದಿಲ್ಲ.

ಹಾಗೆಂದು ಒಂದೂವರೆ ಮೀಟರ್‌ನ ವೇಗದಲ್ಲಿ ಆಡಬೇಡಿ. ವೇಗ ಹೆಚ್ಚಿದಷ್ಟೂ ಅಂಚಿನಲ್ಲಿ ಬರುವ ಚೆಂಡು ಸುತ್ತಿ ಹೊರಬರುತ್ತದೆ. ಪಟಿಂಗನ್ನು ಅಳೆದು ತೂಗಿ ಅಧ್ಯಯನ ಮಾಡಿದ ಡೇವ್ ಪೆಲ್ಜ್, ತಪ್ಪಿದರೆ ಕುಳಿಯಿಂದ 17 ಇಂಚು, ಎಂದರೆ ಸುಮಾರು 43 ಸೆಂಟಿಮೀಟರ್ ಆಚೆ ನಿಲ್ಲುವ ವೇಗ ಒಳ್ಳೆಯದು ಎಂದರು.

ಈಗ ಅಭ್ಯಾಸ. ಇದನ್ನು ತಲೆಕೆಳಗಿನ ಕ್ರಮದಲ್ಲಿ ಮಾಡಬೇಕು. ಮೊದಲ ವಾರ ದೂರದ ಪಟ್ ಬೇಡವೇ ಬೇಡ. ಕುಳಿಯ ಸುತ್ತ ಮೂರು ಅಡಿಯಲ್ಲಿ ಎಂಟು ಚೆಂಡುಗಳನ್ನಿಟ್ಟು ಒಂದೊಂದಾಗಿ ಒಳಗೆ ಹಾಕಿ, ಒಂದು ತಪ್ಪಿದರೂ ಮೊದಲಿನಿಂದ. ನೀವು ಹೆದರುತ್ತಿರುವುದು ಹತ್ತು ಅಡಿಯ ಪಟ್‌ಗೆ ಅಲ್ಲ, ಅದು ತಪ್ಪಿದ ಮೇಲೆ ಉಳಿಯುವ ಮೂರು ಅಡಿಗೆ. ಆ ಮೂರು ಅಡಿ ಕೈವಶವಾದರೆ ಹತ್ತು ಅಡಿಯ ಮುಂದೆ ಕೈ ತಾನಾಗಿ ಸಡಿಲವಾಗುತ್ತದೆ.

ಎರಡನೆಯ ವಾರ ಕುಳಿಯ ಹಿಂದೆ 43 ಸೆಂಟಿಮೀಟರ್ ದೂರದಲ್ಲಿ ಒಂದು ಟೀ (ಚೆಂಡಿಡುವ ಸಣ್ಣ ಗೂಟ) ಚುಚ್ಚಿ. ಎಂಟು, ಹತ್ತು, ಹನ್ನೆರಡು ಅಡಿಗಳಿಂದ ಆಡಿ. ಒಳಗೆ ಬಿದ್ದದ್ದಕ್ಕೂ, ಕುಳಿ ದಾಟಿ ಟೀಗೆ ಮೊದಲು ನಿಂತದ್ದಕ್ಕೂ ಒಂದೇ ಅಂಕ. ಮೊದಲೇ ನಿಂತದ್ದಕ್ಕೆ ಸೊನ್ನೆ, ಅದು ಎಷ್ಟೇ ಹತ್ತಿರವಿದ್ದರೂ. ಕೊನೆಯ ಸಲ ತಲೆಯೆತ್ತಿ ನೋಡುವಾಗ ಕುಳಿಯನ್ನಲ್ಲ, ಆ ಟೀಯನ್ನು ನೋಡಿ. ಆಟದ ದಿನ ಅಲ್ಲಿ ಟೀ ಇರುವುದಿಲ್ಲ, ಒಂದು ಹುಲ್ಲಿನ ಎಸಳನ್ನೋ ಬಣ್ಣ ಬದಲಾದ ಚುಕ್ಕೆಯನ್ನೋ ಆರಿಸಿಕೊಳ್ಳಿ. ‘ಗಟ್ಟಿಯಾಗಿ’ ಎಂದರೆ ಎಷ್ಟೆಂದು ಕೈಗೆ ತಿಳಿಯುವುದಿಲ್ಲ. ‘ಅಲ್ಲಿಯವರೆಗೆ’ ಎಂದರೆ ತಿಳಿಯುತ್ತದೆ.

ಗ್ರೀನಿನ ಅಂಚು:
ಒಂದು ಸಣ್ಣ ಸೇರ್ಪಡೆ. ಮೊಬೈಲ್‌ನಲ್ಲಿ ಪಕ್ಕದಿಂದ ನಿಧಾನಗತಿಯ ವಿಡಿಯೊ ತೆಗೆದು ನೋಡಿ. ಅಂಜುವವರು ಪಟರನ್ನು ಹಿಂದಕ್ಕೆ ಉದ್ದವಾಗಿ ಒಯ್ದು, ಚೆಂಡಿನ ಹತ್ತಿರ ಬರುವಾಗ ವೇಗ ತಗ್ಗಿಸುತ್ತಾರೆ. ಆಗ ಪಟರ್‌ನ ಮುಖ ತಿರುಗುತ್ತದೆ, ಚೆಂಡು ಮುಖದ ನಡುಭಾಗಕ್ಕೆ ತಾಗುವುದೂ ಇಲ್ಲ. ಹಾಗಿದ್ದರೆ ಹಿಂದಕ್ಕೆ ಒಯ್ಯುವ ದೂರವನ್ನು ಕಡಿಮೆ ಮಾಡಿ, ಅಷ್ಟು ಸಾಕು.

ಇನ್ನು ಎಚ್ಚರಿಕೆಯೇ ತಪ್ಪು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 30 ಅಡಿಗಿಂತ ದೂರದಲ್ಲಿ ಚೆಂಡನ್ನು ಕುಳಿಯ ಪಕ್ಕದಲ್ಲಿ ನಿಲ್ಲಿಸುವುದೇ ಜಾಣತನ. ಪಿಜಿಎ ಟೂರ್ ಆಟಗಾರರೇ 8 ಅಡಿಯ ಪಟ್‌ಗಳಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಒಳಗೆ ಹಾಕುತ್ತಾರೆ. ಎಲ್ಲವನ್ನೂ ಹಾಕಬೇಕೆಂಬ ಹಟ ಬೇಡ.

ಹದಿನೆಂಟರ ಆಟಗಾರ:
ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಹೃದಯಪೂರ್ವಕ ಧನ್ಯವಾದಗಳು. ವಿಡಿಯೊದಲ್ಲಿ ‘ಗ್ರೀನಿನ ಅಂಚು’ ಅವರು ಹೇಳಿದ್ದೇ ಕಂಡಿತು, ಚೆಂಡಿಗೆ ತಾಗುವ ಮೊದಲೇ ಪಟರ್ ಬಹುತೇಕ ನಿಂತುಬಿಡುತ್ತಿತ್ತು. ಎಂಟು ಚೆಂಡುಗಳ ಅಭ್ಯಾಸ ಮೊದಲ ದಿನ ಮುಗಿಯಲೇ ಇಲ್ಲ, ನಾಲ್ಕನೆಯ ದಿನ ಮೊದಲ ಬಾರಿ ಪೂರ್ತಿಯಾಯಿತು. ನಂತರದ ಎರಡು ಸುತ್ತುಗಳಲ್ಲಿ ಅದೇ ದೂರದ ಪಟ್‌ಗಳಲ್ಲಿ 13 ತಪ್ಪಿದವು, ಮೊದಲೇ ನಿಂತವು ಬರಿ 4. ಕುಳಿ ದಾಟಿದ ಮೇಲೆ ಉಳಿದ ಸಣ್ಣ ಪಟ್ ತಪ್ಪಿದ್ದು ಒಂದೇ ಸಲ.

ಆದರೆ ಹೊಸ ತೊಂದರೆ ಶುರುವಾಗಿದೆ. ಓರೆಯಿರುವ ಗ್ರೀನ್‌ಗಳಲ್ಲಿ ಚೆಂಡು ತಿರುಗುವುದೇ ಇಲ್ಲ, ಕುಳಿಯ ಮೇಲಿನ ಬದಿಯಿಂದ ನೇರವಾಗಿ ಹೋಗಿಬಿಡುತ್ತದೆ.

ಹಳೆಯ ಪಟರ್:
ಬಹಳ ಸಂತೋಷವಾಯಿತು! ಹೊಸ ತೊಂದರೆ ಬಂದದ್ದು ಒಳ್ಳೆಯ ಸೂಚನೆ. ನಿಮ್ಮ ವೇಗ ಬದಲಾಗಿದೆ, ಆದರೆ ಗುರಿ ಹಳೆಯ ವೇಗದ್ದೇ ಉಳಿದಿದೆ. ನಿಧಾನವಾದ ಚೆಂಡು ಓರೆಗೆ ಹೆಚ್ಚು ಒಲಿಯುತ್ತದೆ, ಅದರಲ್ಲೂ ಕೊನೆಯ ಎರಡು ಅಡಿಯಲ್ಲಿ. ಕುಳಿಯನ್ನು ಗಡಿಯಾರವೆಂದು ಭಾವಿಸಿ, ನೀವಿರುವ ಕಡೆ ಆರು ಗಂಟೆ. ಬಲದಿಂದ ಎಡಕ್ಕೆ ತಿರುಗುವ ಪಟ್‌ನಲ್ಲಿ ಮೊದಲು ನಿಮ್ಮ ಚೆಂಡು ನಾಲ್ಕು ಗಂಟೆಯ ಜಾಗದಿಂದ ಒಳಗೆ ಹೋಗಬೇಕಿತ್ತು. ಈಗ ಐದರಿಂದ. ಯಾವ ಗಂಟೆಯ ಜಾಗವೆಂದು ಮೊದಲು ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಚೆಂಡಿನವರೆಗೆ ದಾರಿಯನ್ನು ಮನಸ್ಸಿನಲ್ಲಿ ಎಳೆಯಿರಿ. ಇನ್ನೊಂದು ವಿಷಯ, ಕುಳಿ ದಾಟಿದ ಚೆಂಡಿನ ಮೇಲಿಂದ ಬೇಸರದಿಂದ ಕಣ್ಣು ತೆಗೆಯಬೇಡಿ. ಅದು ನಿಲ್ಲುವವರೆಗೆ ಯಾವ ಕಡೆ ತಿರುಗುತ್ತದೆಂದು ನೋಡಿದರೆ ವಾಪಸ್ ಬರುವ ಪಟ್‌ನ ದಾರಿ ಅಲ್ಲಿಯೇ ಸಿಗುತ್ತದೆ.

ಹದಿನೆಂಟರ ಆಟಗಾರ:
ಅರ್ಥವಾಯಿತು. ಕೊನೆಯದಾಗಿ, ಕಡಿದಾದ ಇಳಿಜಾರಿನಲ್ಲಿಯೂ ಅದೇ 43 ಸೆಂಟಿಮೀಟರ್ ಲೆಕ್ಕವೇ?

ಗ್ರೀನಿನ ಅಂಚು:
ಅಲ್ಲಿ ಬೇಡ. ಕಡಿದಾದ ಇಳಿಜಾರಿನಲ್ಲಿ ಕುಳಿಯ ನಿಮ್ಮ ಕಡೆಯ ಅಂಚಿನಲ್ಲೇ ಗುರಿಯ ಚುಕ್ಕೆ ಇಟ್ಟುಕೊಳ್ಳಿ, ಇಳಿಜಾರೇ ಚೆಂಡನ್ನು ಒಳಗೆ ತಳ್ಳುತ್ತದೆ. ಏರಿನಲ್ಲಿ ಮಾತ್ರ ಚುಕ್ಕೆ ಎರಡು ಅಡಿ ಆಚೆಗಿರಲಿ. ಚುಕ್ಕೆಯ ಜಾಗ ಬದಲಾಗಬಹುದು, ಆದರೆ ಚುಕ್ಕೆಯಿಲ್ಲದೆ ಒಂದು ಪಟ್ ಕೂಡ ಆಡಬೇಡಿ.