ಬೋಲ್ಟ್ ತಿಂದ ಕರಡಿ ಟರ್ನ್ ಮುಗಿದಾಗ ಸಾಯುತ್ತಾ, ಉಳಿಯುತ್ತಾ?

ಬಿಸಿಲೂರವ:

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಾನು, ನನ್ನ ಕಾಕಾನ ಮಗ ಇಬ್ಬರೂ ಎರಡು ತಿಂಗಳಿಂದ ಮ್ಯಾಜಿಕ್: ದ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟ ಆಡುತ್ತಿದ್ದೇವೆ. ಹಗಲು ಬಿಸಿಲಿಗೆ ಆಗೋದಿಲ್ಲ, ಸಂಜೆ ಮಾಳಿಗೆ ಮೇಲೆ ಚಾಪೆ ಹಾಸಿ ಕೂರುತ್ತೇವೆ. ನಿನ್ನೆ ಒಂದು ಆಟ ಅರ್ಧಕ್ಕೇ ನಿಂತಿತು.

ನನ್ನ ಕಡೆ ಗ್ರಿಜ್ಲಿ ಬೇರ್ಸ್ ಅನ್ನೋ ಕರಡಿ ಕಾರ್ಡ್ ಇತ್ತು, 2/2 (ಹೊಡೆಯೋ ಶಕ್ತಿ 2, ತಾಳೋ ಶಕ್ತಿ ಅಂದರೆ ಟಫ್‌ನೆಸ್ 2). ಅವನ ಟರ್ನ್‌ನಲ್ಲಿ ಅವನು ಅದರ ಮೇಲೆ ಲೈಟ್ನಿಂಗ್ ಬೋಲ್ಟ್ ಹಾಕಿದ, 3 ಡ್ಯಾಮೇಜ್. ಬೋಲ್ಟ್ ಬೀಳೋಕೆ ಮುಂಚೆ ನಾನು ಜೈಂಟ್ ಗ್ರೋತ್ ಹಾಕಿದೆ, ಟರ್ನ್ ಮುಗಿಯೋವರೆಗೆ +3/+3. ಕರಡಿ 5/5 ಆಯಿತು, ಬೋಲ್ಟ್ ಬಿದ್ದರೂ ಉಳಿಯಿತು. ಅಲ್ಲಿವರೆಗೆ ಜಗಳ ಇಲ್ಲ. ಟರ್ನ್ ಮುಗಿಯುವಾಗ ಅವನು "ಈಗ ಗ್ರೋತ್ ಹೋಯ್ತು, ಕರಡಿ ಮತ್ತೆ 2/2, ಮೈಮೇಲೆ 3 ಡ್ಯಾಮೇಜ್ ಹಾಗೇ ಇದೆ, ಸತ್ತಿತು" ಅಂತ ಕಾರ್ಡ್ ಎತ್ತಿ ಗ್ರೇವ್‌ಯಾರ್ಡ್‌ಗೆ (ಸತ್ತ, ಬಳಸಿ ಮುಗಿದ ಕಾರ್ಡ್‌ಗಳ ಗುಡ್ಡೆಗೆ) ಇಟ್ಟ. ಲೆಕ್ಕ ನೋಡಿದರೆ ಸರಿ ಅನ್ನಿಸುತ್ತೆ. ಆದರೆ ಹಾಗಾದರೆ ಜೈಂಟ್ ಗ್ರೋತ್ ಹಾಕಿ ಏನು ಉಪಯೋಗ? ಇನ್ನೊಂದು, ನಾನೇ ಮೊದಲು ಗ್ರೋತ್ ಹಾಕಿದ್ದರೆ ಏನಾಗುತ್ತಿತ್ತು?

ಶಹಾಪುರದ_ಹುಡುಗ:

ಕರಡಿ ಉಳಿಯುತ್ತೆ. ಬೋಲ್ಟ್ ಬಿದ್ದಾಗ 5/5 ಇದ್ದದ್ದು 5/2 ಆಗುತ್ತೆ, ಟರ್ನ್ ಮುಗಿದ ಮೇಲೆ ಎಲ್ಲಾ ಮೊದಲಿನ ಹಾಗೆ. ಯಾದಗಿರಿ ಕಡೆ ನಾವೆಲ್ಲಾ ಹೀಗೇ ಆಡೋದು.

ಬೀದರ್_ಕೋಟೆ:

ಉತ್ತರ ಸರಿ, ಆದರೆ ಆ 5/2 ಅನ್ನೋದು ತಪ್ಪು ತಮ್ಮ, ಮುಂದೆ ಅದೇ ತೊಂದರೆ ಕೊಡುತ್ತೆ. ಡ್ಯಾಮೇಜ್ ಬಿದ್ದರೆ ಟಫ್‌ನೆಸ್ ಕಡಿಮೆ ಆಗೋದಿಲ್ಲ. ಕರಡಿ 5/5 ಆಗಿಯೇ ಇರುತ್ತೆ, ಮೈಮೇಲೆ 3 ಡ್ಯಾಮೇಜ್ ಗುರುತು ಇರುತ್ತೆ, ಅಷ್ಟೇ. ಆ ಗುರುತು ಟಫ್‌ನೆಸ್‌ಗೆ ಸಮ ಆದರೆ ಅಥವಾ ದಾಟಿದರೆ ಸಾವು.

ನಾವು ಕಾರ್ಡ್ ಮೇಲೆ ತೊಗರಿ ಕಾಳು ಇಟ್ಟು ಆಡುತ್ತೇವೆ, ಒಂದು ಡ್ಯಾಮೇಜ್‌ಗೆ ಒಂದು ಕಾಳು. ಜೈಂಟ್ ಗ್ರೋತ್ ಕಾರ್ಡ್ ಗ್ರೇವ್‌ಯಾರ್ಡ್‌ಗೆ ಹೋದರೂ ಅದರ ನೆನಪಿಗೆ ಒಂದು ಹುಣಸೆ ಬೀಜ ಇಡುತ್ತೇವೆ. ಈಗ ನಿಮ್ಮ ಕರಡಿ ನೋಡಿ: ಮೂರು ಕಾಳು, ಒಂದು ಬೀಜ. ನಿಮ್ಮ ತಮ್ಮ ಮಾಡಿದ್ದು ಏನಂದರೆ ಬೀಜ ಮೊದಲು ಎತ್ತಿದ, ಕಾಳು ಹಾಗೇ ಬಿಟ್ಟ. ಆಟದ ನಿಯಮ 514.2 ಹಾಗೆ ಹೇಳೋದಿಲ್ಲ. ಟರ್ನ್‌ನ ಕಟ್ಟಕಡೆಯ ಹಂತ ಕ್ಲೀನಪ್ ಸ್ಟೆಪ್, ಅದರಲ್ಲಿ ಡ್ಯಾಮೇಜ್ ಅಳಿಸಿ ಹೋಗೋದು, ಟರ್ನ್ ಮುಗಿಯೋವರೆಗಿನ ಪರಿಣಾಮ ಮುಗಿಯೋದು, ಎರಡೂ ಒಂದೇ ಕ್ಷಣದಲ್ಲಿ. ಕಾಳು, ಬೀಜ ಎಲ್ಲಾ ಒಂದೇ ಕೈಯಲ್ಲಿ ಬಾಚಿ ಎತ್ತಬೇಕು. 2/2 ಕರಡಿ ಮೇಲೆ 3 ಡ್ಯಾಮೇಜ್ ಇರುವ ಗಳಿಗೆಯೇ ಬರೋದಿಲ್ಲ. ಅವನ ಲೆಕ್ಕ ಕೂಡೋದು ಕಳೆಯೋದರಲ್ಲಿ ತಪ್ಪಿಲ್ಲ, ಯಾವುದು ಯಾವಾಗ ಅನ್ನೋದರಲ್ಲಿ ತಪ್ಪಿದೆ.

ಡ್ಯಾಮೇಜ್ ಬೇರೆ, ಟಫ್‌ನೆಸ್ ಇಳಿಸೋದು ಬೇರೆ ಅಂತ ಯಾಕೆ ಒತ್ತಿ ಹೇಳುತ್ತೀನಿ ಅಂದರೆ, ಡಾರ್ಕ್‌ಸ್ಟೀಲ್ ಮಿರ್ ಅಂತ ಒಂದು ಕಾರ್ಡ್ ಇದೆ, 0/1, ಇನ್‌ಡಿಸ್ಟ್ರಕ್ಟಿಬಲ್, ಅಂದರೆ ಡ್ಯಾಮೇಜ್‌ನಿಂದ ನಾಶ ಆಗದ್ದು. ಅದರ ಮೇಲೆ ಹತ್ತು ಬೋಲ್ಟ್ ಹಾಕಿದರೂ ಸಾಯೋದಿಲ್ಲ, ಸುಮ್ನೆ ಕಾಳು ಗುಡ್ಡೆ ಬೀಳುತ್ತೆ. ಆದರೆ ಲಾಸ್ಟ್ ಗ್ಯಾಸ್ಪ್ ಹಾಕಿ, -3/-3. ಟಫ್‌ನೆಸ್ ಸೊನ್ನೆಗಿಂತ ಕೆಳಗೆ ಹೋಯಿತು, ನೇರ ಗ್ರೇವ್‌ಯಾರ್ಡ್. ಇನ್‌ಡಿಸ್ಟ್ರಕ್ಟಿಬಲ್ ಅಲ್ಲಿ ಕಾಯೋದಿಲ್ಲ. 5/2 ಅಂತ ಬರೆದುಕೊಂಡು ಆಡಿದರೆ ಈ ವ್ಯತ್ಯಾಸ ಕಾಣೋದೇ ಇಲ್ಲ.

ಇನ್ನು ಮೊದಲೇ ಗ್ರೋತ್ ಹಾಕೋ ವಿಷಯ. ಹಾಕಿದ ಕಾರ್ಡ್ ಕೆಲಸ ಮಾಡೋವರೆಗೆ ಕಾಯೋ ಜಾಗ ಸ್ಟ್ಯಾಕ್. ಅದು ಬುಟ್ಟಿಯಲ್ಲಿ ಪೇರಿಸಿದ ರೊಟ್ಟಿ ಇದ್ದ ಹಾಗೆ, ಕೊನೆಗೆ ಬಿದ್ದದ್ದು ಮೇಲಿರುತ್ತೆ, ಕೈಗೆ ಮೊದಲು ಅದೇ ಸಿಗುತ್ತೆ. ಅವನ ಬೋಲ್ಟ್ ಕೆಳಗೆ, ನಿಮ್ಮ ಗ್ರೋತ್ ಮೇಲೆ, ಅದಕ್ಕೇ ನಿನ್ನೆ ಕರಡಿ ಬೆಳೆದ ಮೇಲೆ ಬೋಲ್ಟ್ ಬಿತ್ತು. ನೀವೇ ಮೊದಲು ಗ್ರೋತ್ ಹಾಕಿದ್ದರೆ ಅವನು ಅದರ ಮೇಲೆ ಬೋಲ್ಟ್ ಹಾಕುತ್ತಿದ್ದ. ಬೋಲ್ಟ್ ಮೊದಲು, ಕರಡಿ ಇನ್ನೂ 2/2, ಸತ್ತಿತು. ಆಮೇಲೆ ಗ್ರೋತ್‌ಗೆ ಟಾರ್ಗೆಟ್ಟೇ ಇಲ್ಲ, ಏನೂ ಮಾಡದೆ ಅದೂ ಗ್ರೇವ್‌ಯಾರ್ಡ್‌ಗೆ. ಅವನ ಒಂದು ಕಾರ್ಡ್‌ಗೆ ನಿಮ್ಮ ಎರಡು ಹೋದವು. ಗ್ರೋತ್ ಕೈಯಲ್ಲಿದ್ದರೆ ಅವನು ಹಾಕೋವರೆಗೆ ತಡೆಯಿರಿ.

ಅಂದಹಾಗೆ ಕರಡಿ, ಬೋಲ್ಟ್, ಗ್ರೋತ್ ಮೂರೂ 1993ರ ಮೊದಲ ಸೆಟ್‌ನಿಂದಲೇ ಇವೆ, ಆದರೆ ಸ್ಟ್ಯಾಕ್ ಬಂದದ್ದು 1999ರಲ್ಲಿ, ಸಿಕ್ಸ್ತ್ ಎಡಿಷನ್ ಜೊತೆ. ಅದಕ್ಕೂ ಹಳೆಯ ಬರಹ ಏನಾದರೂ ಓದಿದ್ದರೆ ಬಿಟ್ಟುಬಿಡಿ.

ಶಹಾಪುರದ_ಹುಡುಗ:

ಸರಿ ಅಣ್ಣ, ತಿದ್ದಿಕೊಂಡೆ. ಟಫ್‌ನೆಸ್ಸೇ ಇಳಿಯುತ್ತೆ ಅಂತ ಇಷ್ಟು ದಿನ ನಂಬಿದ್ದೆ.

ಬಿಸಿಲೂರವ:

ತುಂಬಾ ಧನ್ಯವಾದ ಅಣ್ಣ. ತಮ್ಮನಿಗೆ ಓದಿ ತೋರಿಸಿದೆ, ತೊಗರಿ ಕಾಳು ಇಟ್ಟೂ ತೋರಿಸಿದೆ, ಒಪ್ಪಿಕೊಂಡ. ಆದರೆ ಈಗ ಅವನದೇ ಒಂದು ಪ್ರಶ್ನೆ. ನಿನ್ನೆ ಅವನ ಕೈಯಲ್ಲಿ ಶಾಕ್ ಕೂಡ ಇತ್ತಂತೆ, 2 ಡ್ಯಾಮೇಜ್. ಕರಡಿ ಹೇಗೂ ಸಾಯುತ್ತೆ ಅಂತ ಇಟ್ಟುಕೊಂಡನಂತೆ. ಹಾಕಿದ್ದರೆ ಕರಡಿ ಸಾಯುತ್ತಿತ್ತಾ? ಯಾವಾಗ ಹಾಕಬೇಕಿತ್ತು?

ಬೀದರ್_ಕೋಟೆ:

ಸಾಯುತ್ತಿತ್ತು. ಎಲ್ಲಕ್ಕಿಂತ ಒಳ್ಳೆಯ ಸಮಯ ನೀವು ಗ್ರೋತ್ ಹಾಕಿದ ತಕ್ಷಣ, ಅದು ಇನ್ನೂ ಸ್ಟ್ಯಾಕ್ ಮೇಲೆ ಇರುವಾಗಲೇ. ಶಾಕ್ ಅದರ ಮೇಲೆ ಕೂರುತ್ತೆ, ಕರಡಿ ಆಗ ಬರೀ 2/2, ಎರಡು ಕಾಳು ಸಾಕು. ಗ್ರೋತ್ ಆದ ಮೇಲೆ ಹಾಕಿದರೂ ನಡೆಯುತ್ತೆ, ಯಾಕೆಂದರೆ ಸ್ಟ್ಯಾಕ್‌ನಿಂದ ಒಂದೊಂದು ಕಾರ್ಡ್ ಇಳಿದ ಮೇಲೂ ಮತ್ತೆ ಕಾರ್ಡ್ ಹಾಕೋಕೆ ಅವಕಾಶ ಇದೆ. ಆಗ 2 ಮತ್ತು 3 ಸೇರಿ 5, ಸರಿಯಾಗಿ ಕರಡಿಯ ಟಫ್‌ನೆಸ್ ಅಷ್ಟೇ. ಕೊನೆಯ ಅವಕಾಶ ಎಂಡ್ ಸ್ಟೆಪ್, ಕ್ಲೀನಪ್‌ಗೆ ಮುಂಚಿನ ಹಂತ. ಅಲ್ಲಿಯೂ ಗ್ರೋತ್ ಇದೆ, ಮೂರು ಕಾಳೂ ಇವೆ, ಇನ್ನೆರಡು ಬಿದ್ದರೆ ಐದು.

ಎಂಡ್ ಸ್ಟೆಪ್ ದಾಟಿ ಕ್ಲೀನಪ್‌ಗೆ ಬಂದರೆ ಸಾಮಾನ್ಯವಾಗಿ ಯಾರಿಗೂ ಪ್ರಯಾರಿಟಿ, ಅಂದರೆ ಕಾರ್ಡ್ ಹಾಕೋ ಅವಕಾಶ, ಸಿಗೋದಿಲ್ಲ. ಶಾಕ್ ಕೈಯಲ್ಲೇ ಉಳಿಯುತ್ತೆ. ನಿಂತ ಆಟವನ್ನು ಅಲ್ಲಿಂದಲೇ ಮುಂದುವರಿಸೋದಾದರೆ ಕರಡಿಯನ್ನ ಗ್ರೇವ್‌ಯಾರ್ಡ್‌ನಿಂದ ತೆಗೆದು ವಾಪಸ್ ಇಡಿ, 2/2, ಒಂದೂ ಕಾಳಿಲ್ಲದೆ. ಈಗ ನಿಮ್ಮ ಟರ್ನ್.