ಮಂಟೇಸ್ವಾಮಿ, ಮಾದೇಶ್ವರ ಕಥನಗಳಲ್ಲಿ ‘ಒಕ್ಕಲು’ ಪದದ ಅರ್ಥವೇನು?

ದಕ್ಷಿಣ ಕರ್ನಾಟಕದ ಎರಡು ಜನಪದ ಮಹಾಕಾವ್ಯಗಳಾದ, ನೀಲಗಾರರೆಂಬ ಗಾಯಕರು ಹಾಡುವ ಮಂಟೇಸ್ವಾಮಿ ಕಥನದಲ್ಲಿಯೂ ಕಂಸಾಳೆ ಎಂಬ ತಾಳ ಹಿಡಿದವರು ಹಾಡುವ ಮಲೆಯ ಮಾದೇಶ್ವರನ ಕಥನದಲ್ಲಿಯೂ ‘ಒಕ್ಕಲು’ ಎಂಬ ಮಾತು ಬರುತ್ತದೆ. ಇದನ್ನು ಶಿಷ್ಟ ಕನ್ನಡದಲ್ಲಿ ವಿವರಿಸುವಾಗ ‘ಭಕ್ತ’ ಎಂದು ಹೇಳಿ ಮುಂದೆ ಸಾಗುವುದುಂಟು. ಆ ಅರ್ಥ ಸಾಲದೆಂದು ನನಗೆ ಬಲವಾಗಿ ಅನಿಸುತ್ತದೆ.

‘ಒಕ್ಕಲು’ ಪದಕ್ಕೆ ನೆಲೆ, ವಾಸ, ಮನೆತನ ಎಂಬ ಅರ್ಥಗಳಿವೆ. ಗೇಣಿದಾರ, ಬೇಸಾಯಗಾರ ಎಂಬುವೂ ಇವೆ. (ಕಣದಲ್ಲಿ ತೆನೆ ಒಕ್ಕುವ ‘ಒಕ್ಕು’ ಧಾತುವಿಗೂ ಇದಕ್ಕೂ ಇರುವ ಸಂಬಂಧದ ಚರ್ಚೆಯನ್ನು ಸದ್ಯಕ್ಕೆ ಬದಿಗಿಡುತ್ತೇನೆ.) ಇದ್ದ ಜಾಗದಿಂದ ಜನರನ್ನು ‘ಒಕ್ಕಲೆಬ್ಬಿಸುವುದು’ ಇಂದಿಗೂ ಪತ್ರಿಕೆಗಳ ನಿತ್ಯದ ಮಾತು. ಭಕ್ತನಾದವನು ದೇವರನ್ನು ಅರಸಿ ಹೋಗುತ್ತಾನೆ. ಈ ಕಥನಗಳಲ್ಲಾದರೋ ದೇವರೇ ಅಲೆದು, ಬೇಡಿ, ಒಪ್ಪದವರನ್ನು ಕಾಡಿ ಒಕ್ಕಲು ‘ಪಡೆಯುತ್ತಾನೆ’. ಮಾದೇಶ್ವರ ಕಾಡಿನ ಸೋಲಿಗರನ್ನು ಪಡೆಯುವುದು ಹೀಗೆಯೇ. ಮಂಟೇಸ್ವಾಮಿಯಂತೂ ಮೈತುಂಬ ಹುಣ್ಣು ತುಂಬಿಕೊಂಡು, ಎಲ್ಲರೂ ಹೇಸುವ ವೇಷದಲ್ಲಿ ಬಸವಣ್ಣನ ಕಲ್ಯಾಣಕ್ಕೆ ಬಂದು ಬಾಗಿಲಲ್ಲೇ ತಡೆಯಲ್ಪಡುತ್ತಾನೆ. ಹಾಗೆ ಹೊರಗೆ ನಿಂತ ಗುರುವಿನ ಕಥೆಯನ್ನು, ಬಹುಪಾಲು ಊರಾಚೆಯ ಕೇರಿಗಳಲ್ಲಿ ಬದುಕಿದ ಜನ ಹಾಡುತ್ತ ಬಂದಿರುವಾಗ, ಗುರುವನ್ನು ಸೇರಿದವರಿಗೆ ನೆಲೆ ಮತ್ತು ಮನೆತನವನ್ನು ಸೂಚಿಸುವ ಹೆಸರೇ ಒದಗಿರುವುದು ಆಕಸ್ಮಿಕವೆಂದು ನಾನು ಒಪ್ಪಲಾರೆ.

ಆದರೆ ಇಲ್ಲೊಂದು ತೊಡಕಿದೆ. ನಿಡುಘಟ್ಟದ ಆಚಾರಿಗಳ ಮನೆಯಿಂದ ಕೆಂಪಾಚಾರಿಯನ್ನು, ಅಂದರೆ ಮುಂದೆ ಸಿದ್ದಪ್ಪಾಜಿಯಾಗುವವನನ್ನು, ಮಂಟೇಸ್ವಾಮಿ ಕೇಳುವುದು ‘ಶಿಶುಮಗ’ನನ್ನಾಗಿ, ಎಂದರೆ ಮಗನಂಥ ಶಿಷ್ಯನನ್ನಾಗಿ. ಹೆತ್ತವರನ್ನೂ ಕುಲವನ್ನೂ ಬಿಟ್ಟು ಬರುವ ಒಬ್ಬನಿಗೆ ‘ಶಿಶುಮಗ’, ಇಡೀ ಮನೆತನಕ್ಕೆ ‘ಒಕ್ಕಲು’ ಎಂಬ ಭೇದವನ್ನು ಹಾಡುಗಾರರು ಕಟ್ಟುನಿಟ್ಟಾಗಿ ಪಾಲಿಸುತ್ತಾರೆಯೇ? ಮನೆಯಿಂದ ಹೊರದೂಡಲ್ಪಟ್ಟ ಒಂಟಿ ಹೆಣ್ಣನ್ನು ‘ಒಕ್ಕಲು’ ಎಂದು ಕರೆದ ಹಾಡಿನ ಪಾಠಾಂತರವನ್ನು ಯಾರಾದರೂ ಕೇಳಿದ್ದೀರಾ?

ಸಿದ್ದಪ್ಪಾಜಿಯ ನೆಲೆಯಾದ ಚಿಕ್ಕಲ್ಲೂರಿನ ಜಾತ್ರೆಯ ಪಂಕ್ತಿಸೇವೆಯಲ್ಲಿ ಹಲವು ಜಾತಿಯವರು ಒಟ್ಟಾಗಿ ಕೂತು ಉಣ್ಣುತ್ತಾರೆ. ‘ಒಕ್ಕಲು’ ದೇವರಿಗೂ ಮನೆತನಕ್ಕೂ ಇರುವ ಸಂಬಂಧವನ್ನಷ್ಟೇ ಹೇಳುತ್ತದೆಯೋ, ಹಾಗೆ ಜೊತೆಯಲ್ಲಿ ಕೂತವರ ನಡುವಿನ ನಂಟನ್ನೂ ಹೇಳುತ್ತದೆಯೋ? ಚಾಮರಾಜನಗರ, ಮಂಡ್ಯ ಸೀಮೆಯ ಆಡುಮಾತು ಬಲ್ಲವರು, ಒಂದೇ ಗುರುವಿನ ಒಕ್ಕಲುಗಳು ಪರಸ್ಪರರನ್ನು ಏನೆಂದು ಕರೆದುಕೊಳ್ಳುತ್ತಾರೆಂಬುದನ್ನು ಬಳಕೆಯ ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.