ಸಹಾಯ ಬೇಕು: ಜೊಹಾನ್ಸ್‌ಬರ್ಗ್‌ನ ಪತ್ರಾಗಾರ ಬಳಸಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. 1956ರ ಆಗಸ್ಟ್ 9ರಂದು ಸುಮಾರು 20,000 ಹೆಂಗಸರು ಪಾಸ್ ಕಾನೂನಿನ (ಕಪ್ಪು ಜನರು ಸದಾ ಗುರುತಿನ ಪತ್ರ ಇಟ್ಟುಕೊಂಡೇ ಓಡಾಡಬೇಕೆಂಬ ಕಾನೂನು) ವಿರುದ್ಧ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿರುವ ಸರ್ಕಾರದ ಆಡಳಿತ ಭವನ ಯೂನಿಯನ್ ಬಿಲ್ಡಿಂಗ್ಸ್‌ಗೆ ನಡೆದರು. ಸಹಿ ಹಾಕಿದ ಮನವಿಗಳ ಕಟ್ಟುಗಳನ್ನು ಪ್ರಧಾನಿಯ ಕಚೇರಿಯಲ್ಲಿ ಬಿಟ್ಟು, ಅಂಗಳದಲ್ಲಿ ಅರ್ಧ ಗಂಟೆ ತುಟಿ ಬಿಚ್ಚದೆ ನಿಂತರು. ಮುಂದಾಳುಗಳಲ್ಲಿ ಲಿಲಿಯನ್ ಎನ್ಗೋಯಿ, ಹೆಲೆನ್ ಜೋಸೆಫ್ ಜೊತೆಗೆ ಭಾರತೀಯ ಮೂಲದ ರಹೀಮಾ ಮೂಸಾ ಕೂಡ ಇದ್ದರು. ನಮ್ಮಲ್ಲಿ ಅವರ ಹೆಸರು ಕೇಳಿದವರೇ ಕಡಿಮೆ, ಅದೇ ನನಗೆ ಬೇಸರ.

ಈ ಬಗ್ಗೆ ಕಾಲೇಜು ಹುಡುಗಿಯರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಪ್ರದರ್ಶನ ಮಾಡುತ್ತಿದ್ದೇನೆ. ಮೆರವಣಿಗೆ ಸಂಘಟಿಸಿದ ಮಹಿಳಾ ಒಕ್ಕೂಟದ ಕಾಗದಪತ್ರಗಳು ಜೊಹಾನ್ಸ್‌ಬರ್ಗ್‌ನ ವಿಟ್ಸ್ (ವಿಟ್‌ವಾಟರ್ಸ್‌ರ‍್ಯಾಂಡ್) ವಿಶ್ವವಿದ್ಯಾಲಯದ ಪತ್ರಾಗಾರವಾದ ಹಿಸ್ಟಾರಿಕಲ್ ಪೇಪರ್ಸ್ ವಿಭಾಗದಲ್ಲಿವೆ. ಸಭೆಯ ಟಿಪ್ಪಣಿ, ಕರಪತ್ರ, ಪತ್ರ ವ್ಯವಹಾರ, ಎಲ್ಲವೂ. ಪುಸ್ತಕದಿಂದ ಎತ್ತಿದ ಮಸುಕು ಫೋಟೊ ಹಾಕಲು ಮನಸ್ಸಿಲ್ಲ. ಮೂಲ ಕರಪತ್ರದ್ದೇ ಸ್ಪಷ್ಟ ಸ್ಕ್ಯಾನ್ ಬೇಕು.

ಅಲ್ಲಿಂದ ಪ್ರತಿ ತರಿಸಿಕೊಂಡವರಿದ್ದರೆ, ಅರ್ಜಿ ಹೇಗೆ, ಪ್ರದರ್ಶನಕ್ಕೆ ಪ್ರತ್ಯೇಕ ಅನುಮತಿ ಬೇಕೇ, ಶುಲ್ಕ ಎಷ್ಟಾಗಬಹುದು ಎಂದು ದಯವಿಟ್ಟು ತಿಳಿಸಿ. ಜೊಹಾನ್ಸ್‌ಬರ್ಗ್‌ನಲ್ಲಿರುವ ಕನ್ನಡಿಗರು ಒಮ್ಮೆ ಹೋಗಿ ವಿಚಾರಿಸಿದರೆ ದೊಡ್ಡ ಉಪಕಾರ. ಖರ್ಚು ನನ್ನದೇ. ಆಫ್ರಿಕಾನ್ಸ್ ಭಾಷೆ ಓದಬಲ್ಲವರು ಸಿಕ್ಕರೆ ಅವರ ನೆರವೂ ಬೇಕು, ಆ ಕಾಲದ ಪೊಲೀಸ್ ಕಾಗದಗಳನ್ನು ಅರ್ಥ ಮಾಡಿಕೊಳ್ಳಲು.